ತುಕ್ರು ಅಜ್ಜಿಯ ಹೆಸರಿನ ರಕ್ತ

ರಕ್ತ ತೆಗೆಯುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಮೂಡುಬಿದಿರೆಯಲ್ಲಿ ಎರಡು ವರ್ಷ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿದವಳು ನಾನು. ಎಷ್ಟೇ ಸಪೂರ ನರವಾದರೂ ಒಂದೇ ಚುಚ್ಚಿಗೆ ಸಿಗುತ್ತಿತ್ತು. ನಮ್ಮ ಕೊರಗರ ಕಾಲೊನಿಯಲ್ಲಿ ಇಷ್ಟು ಕಲಿತವಳು ನಾನೊಬ್ಬಳೇ ಎಂಬ ಜಂಬವೂ ಆಗ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿಯೇ ಡಾಕ್ಟರ್ ದೀಪಶ್ರೀ ನನ್ನನ್ನು ಹುಡುಕಿಕೊಂಡು, ಪುಂಜಾಲಕಟ್ಟೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮ ಹದಿನೇಳು ಮನೆಗಳವರೆಗೆ ಬಂದದ್ದು.

ದೀಪಶ್ರೀ ಮುಂಡಾಜೆಯವರು. ಮೂಡುಬಿದಿರೆಯ ಹೊರವಲಯದ ಒಂದು ಸಂಶೋಧನಾ ಕೇಂದ್ರದಲ್ಲಿ ವಂಶವಾಹಿಗಳ ಬಗ್ಗೆ ಕೆಲಸ ಮಾಡುತ್ತಿದ್ದರು. ನಮ್ಮ ಜೊತೆ ತುಳುವಿನಲ್ಲೇ ಮಾತಾಡಿದರು, ನಮ್ಮ ಮನೆಯ ಚಾ ಕುಡಿದರು. ಕೊರಗರ ಮನೆಯ ಚಾ ಕುಡಿಯುವ ಡಾಕ್ಟರನ್ನು ಕಾಲೊನಿಯವರು ಅದುವರೆಗೆ ಕಂಡಿರಲಿಲ್ಲ.

"ನಿಮ್ಮ ಜನ ಯಾಕೆ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಉಂಟು, ಶಿಶುಗಳು ಯಾಕೆ ಬದುಕಿ ಉಳಿಯುವುದಿಲ್ಲ, ಅದಕ್ಕೆ ರಕ್ತದಲ್ಲಿ ಕಾರಣ ಸಿಗಬಹುದು ಲೋಲಾಕ್ಷಿ," ಎಂದರು. "ನೀವು ಸಹಾಯ ಮಾಡಿದರೆ ಮಾಡ್ತೇನೆ. ಇಲ್ಲದಿದ್ದರೆ ನನ್ನಿಂದ ಆಗುವುದಿಲ್ಲ."

ನನ್ನ ತಂಗಿಯ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಎರಡನೆಯದನ್ನು ಮಣ್ಣು ಮಾಡಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಾನು ದೀಪಶ್ರೀಯವರನ್ನು ನಂಬಿದೆ. ನಂಬಿದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ. ಆಮೇಲೆ ಮಾಡಿದ್ದು ತಪ್ಪು.

ಅಂಗನವಾಡಿಯಲ್ಲಿ ಮೂರು ದಿನ ರಕ್ತ ತೆಗೆದೆ. ಬರಲಾಗದವರ ಮನೆಗೆ ನಾನೇ ಹೋದೆ. ಒಟ್ಟು ನಲವತ್ತು ಜನ ಕೊಟ್ಟರು. ಅಧ್ಯಯನದ ಕೆಲಸಕ್ಕೆ ಸೇರಿದವರು ರಕ್ತ ಕೊಡಬಾರದು ಎಂಬ ನಿಯಮವಿದ್ದುದರಿಂದ ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ಎಪ್ಪತ್ತು ದಾಟಿದವರು ಐದು ಜನ ಬೇಕಿತ್ತು. ನಾಲ್ಕು ಜನ ಸಿಕ್ಕಿದರು. ಐದನೆಯವಳು ನನ್ನ ಅಜ್ಜಿ. ಶುಕ್ರವಾರ ಹುಟ್ಟಿದ್ದರಿಂದ ಅವಳ ಹೆಸರು ತುಕ್ರು. ಅಮ್ಮ ಸತ್ತ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವಳು ಅವಳೇ.

ಕೇಳಲು ಹೋದಾಗ ಅಂಗಳದಲ್ಲಿ ಕುಳಿತು ಬುಟ್ಟಿಗೆ ಬಳ್ಳಿ ಸೀಳುತ್ತಿದ್ದಳು.

"ಸಣ್ಣ ಚುಚ್ಚು ಅಜ್ಜಿ. ಇರುವೆ ಕಚ್ಚಿದಷ್ಟು."

"ಚುಚ್ಚಿಗೆ ಹೆದರುವವಳಾ ನಾನು? ತೆಗೆದದ್ದನ್ನು ಎಲ್ಲಿಗೆ ಕೊಂಡುಹೋಗ್ತಾರೆ?"

"ಮೂಡುಬಿದಿರೆಗೆ. ಅಲ್ಲಿ ಪರೀಕ್ಷೆ ಮಾಡ್ತಾರೆ."

"ಪರೀಕ್ಷೆ ಆದ ಮೇಲೆ?"

"ಫ್ರಿಜ್ಜಿನಲ್ಲಿ ಇಡ್ತಾರೆ."

"ಎಷ್ಟು ದಿನ?"

ಒಪ್ಪಿಗೆಯ ಕಾಗದದಲ್ಲಿ 'ಅನಿರ್ದಿಷ್ಟ ಕಾಲ' ಎಂದು ಬರೆದಿತ್ತು. ನಾನು, "ತುಂಬ ವರ್ಷ," ಎಂದೆ.

"ನಾನು ಸತ್ತ ಮೇಲೆ?"

"ಆಗಲೂ ಇರ್ತದೆ."

ಅಜ್ಜಿ ಕತ್ತಿ ಕೆಳಗಿಟ್ಟಳು. "ನಾನು ನಿನ್ನಷ್ಟು ಇರುವಾಗ ದೊಡ್ಡ ಮನೆಯವರು ಕರೆಸ್ತಾ ಇದ್ದರು. ಅವರಲ್ಲಿ ಬಸುರಿ ಇದ್ದರೆ, ಕಾಯಿಲೆಯವರು ಇದ್ದರೆ. ಅವರ ಕೂದಲು, ಉಗುರು ಅನ್ನಕ್ಕೆ ಕಲಸಿ ನಮಗೆ ತಿನ್ನಿಸ್ತಾ ಇದ್ದರು. ಅವರಿಗೆ ಬರುವ ಸಾವು ನಮ್ಮ ಹೊಟ್ಟೆಗೆ ಹೋಗಲಿ ಅಂತ. ನಾನು ತಿಂದಿದ್ದೇನೆ."

ಅದಕ್ಕೆ ಅಜಲು ಎನ್ನುತ್ತಾರೆ. ಎರಡು ಸಾವಿರನೇ ಇಸವಿಯಲ್ಲಿ ಕಾನೂನು ಮಾಡಿ ನಿಲ್ಲಿಸಿದರು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ನನ್ನ ಅಜ್ಜಿಯೇ ಅದನ್ನು ತಿಂದವಳು ಎಂದು ಅವಳ ಬಾಯಿಂದ ಕೇಳಿದ್ದು ಆವತ್ತೇ ಮೊದಲು.

"ಅವರು ಕೆಟ್ಟವರು," ಎಂದಳು ಅಜ್ಜಿ. "ಆದರೆ ಒಂದು ವಿಷಯ ಅವರಿಗೆ ಗೊತ್ತಿತ್ತು. ಮೈಯಿಂದ ಹೊರಗೆ ಹೋದದ್ದು ಎಲ್ಲಿ ಇರ್ತದೋ, ಮನುಷ್ಯ ಅಲ್ಲಿಯೂ ಸ್ವಲ್ಪ ಇರ್ತಾನೆ. ಇಷ್ಟು ಕಲಿತೂ ನಿನಗೆ ಅದು ಗೊತ್ತಿಲ್ಲ. ಸತ್ತ ಮೇಲೆ ನನಗೆ ಮನೆಗೆ ಬರ್ಲಿಕ್ಕೆ ಉಂಟು ಮಗಾ. ಅಲ್ಲಿ ಇಲ್ಲಿ ನನ್ನನ್ನು ಹಂಚಿಹಾಕಿದರೆ ಬರುವುದು ಹೇಗೆ? ನಾನು ಕೊಡುವುದಿಲ್ಲ."

ದೀಪಶ್ರೀಯವರಿಗೆ ಫೋನ್ ಮಾಡಿದೆ. ಐದು ಜನ ಆಗದಿದ್ದರೆ ನಮ್ಮ ಕಾಲೊನಿಯನ್ನೇ ಅಧ್ಯಯನದಿಂದ ಬಿಡಬೇಕಾಗುತ್ತದೆ ಎಂದರು. ಇನ್ನೊಮ್ಮೆ ಮಾತಾಡಿ ನೋಡಿ, ಒತ್ತಾಯ ಮಾತ್ರ ಬೇಡ ಎಂದೂ ಹೇಳಿದರು. ಅವರು ಹಾಗೆ ಹೇಳಿದ್ದು ನಿಜ, ಅದನ್ನು ಇಲ್ಲಿ ಬರೆಯದಿದ್ದರೆ ನನ್ನ ನಾಲಿಗೆಗೆ ಇನ್ನೊಂದು ಸುಳ್ಳು ಸೇರುತ್ತದೆ.

ಮರುದಿನ ಮಧ್ಯಾಹ್ನ ಅಜ್ಜಿ ಬಳ್ಳಿ ತರಲು ಕಾಡಿಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತು, ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಗೈಗೆ ಬಿಗಿದೆ. ಸೂಜಿ ಹಾಕಿದೆ. ನನ್ನ ರಕ್ತ ಎರಡು ಟ್ಯೂಬು ತುಂಬಿತು. ಅದರ ಮೇಲೆ 'ತುಕ್ರು, ಹೆಣ್ಣು, 78' ಎಂಬ ಚೀಟಿ ಅಂಟಿಸಿದೆ. ಒಪ್ಪಿಗೆಯ ಕಾಗದಕ್ಕೆ ನನ್ನದೇ ಹೆಬ್ಬೆಟ್ಟು ಒತ್ತಿದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಮಕ್ಕಳು ಬದುಕಿಕೊಳ್ಳುವುದಾದರೆ ಒಂದು ಚೀಟಿಯ ಸುಳ್ಳಿನಿಂದ ಯಾರಿಗೆ ಏನು ನಷ್ಟ ಎಂದುಕೊಂಡೆ. ಯಾರದಾದರೇನು, ಎಲ್ಲ ಒಂದೇ ಮನೆಯ ರಕ್ತ ಎಂದೂ ಸಮಾಧಾನ ಮಾಡಿಕೊಂಡೆ.

ಸಂಜೆ ಅಜ್ಜಿ ಬಳ್ಳಿಯ ಹೊರೆ ಹೊತ್ತು ಬಂದಳು. ಅಂಗಳದಾಚೆ ನೆರೆಮನೆಯ ಹೆಂಗಸು, "ತುಕ್ರಕ್ಕ, ಇಷ್ಟು ಹೊತ್ತಾ?" ಎಂದು ಕೇಳಿದಳು. ಅಜ್ಜಿ ತಿರುಗಿ ನೋಡಲಿಲ್ಲ. ಅವಳ ಕಿವಿ ನನ್ನ ಕಿವಿಗಿಂತ ಚುರುಕು. ಆ ಹೆಂಗಸು ಮತ್ತೊಮ್ಮೆ ಹೆಸರು ಹಿಡಿದು ಕರೆದಳು. ಅಜ್ಜಿ ಹೊರೆ ಇಳಿಸಿ, ಕಾಲು ತೊಳೆದು ಒಳಗೆ ಬಂದಳು.

"ಕರೀತಾ ಇದ್ದಾರಲ್ಲ ಅಜ್ಜಿ," ಎಂದೆ.

"ಯಾರನ್ನು?"

ಅಂದಿನಿಂದ ಹಾಗೆಯೇ. ಅಜ್ಜಿ ಎಂದು ಕರೆದರೆ ಓಗೊಡುತ್ತಿದ್ದಳು. ತುಕ್ರು ಎಂದರೆ ಇಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಹೆಸರು ಕೂಗಿದಾಗ ನಾನು ತಟ್ಟಿ ಎಬ್ಬಿಸಬೇಕಾಗುತ್ತಿತ್ತು. ಒಮ್ಮೆ ಮೇ ತಿಂಗಳ ಉರಿಬಿಸಿಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದಳು. ಜ್ವರವಾ ಎಂದು ಹಣೆ ಮುಟ್ಟಿದೆ. ಹಣೆ ಸರಿಯಾಗಿಯೇ ಇತ್ತು.

"ಮೈಗೆ ಚಳಿಯಲ್ಲ," ಎಂದಳು. "ಹೆಸರಿಗೆ ಚಳಿ ಆಗ್ತದೆ."

ವಯಸ್ಸಾಯಿತು, ಅರಳುಮರಳು ಎಂದು ನಾನು ಎಲ್ಲರಿಗೂ ಹೇಳಿದೆ. ಲ್ಯಾಬಿನವಳು ಹೇಳಿದ ಮೇಲೆ ಎಲ್ಲರೂ ಒಪ್ಪಿದರು.

ನಾಲ್ಕು ವರ್ಷ ಏನೂ ಬರಲಿಲ್ಲ. ಮಕ್ಕಳ ಬಗ್ಗೆ ಒಂದು ಸಾಲಿನ ಉತ್ತರವೂ ಬರಲಿಲ್ಲ. ಕೊನೆಗೆ ಬಂದದ್ದು ಸುರಕ್ಷಾ. ಬಂಟ್ವಾಳದ ವಕೀಲೆ, ಬುಡಕಟ್ಟುಗಳ ಹಕ್ಕಿನ ಕೇಸುಗಳನ್ನು ನಡೆಸುವವರು. ಅವರ ಕೈಯಲ್ಲಿ ಇಂಗ್ಲಿಷಿನ ಒಂದು ಲೇಖನವಿತ್ತು. ನಮ್ಮ ನಲವತ್ತೊಂದು ಜನರ ರಕ್ತ ಇಟ್ಟುಕೊಂಡು, ಕೊರಗರು ಎಷ್ಟು ಸಾವಿರ ವರ್ಷದ ಹಿಂದೆ ಎಲ್ಲಿಂದ ಬಂದವರು, ಯಾರ ಜೊತೆ ಬೆರೆತವರು ಎಂದು ಬರೆದಿದ್ದರು. ಸ್ಯಾಂಪಲ್‌ಗಳ ಒಂದು ಪಾಲು ಹೊರದೇಶದ ಎರಡು ಲ್ಯಾಬ್‌ಗಳಿಗೂ ಹೋಗಿತ್ತು. ನಮ್ಮನ್ನು 'ಅಳಿಯುತ್ತಿರುವ ಅಪರೂಪದ ಗುಂಪು' ಎಂದು ಕರೆದಿದ್ದರು. ಮಕ್ಕಳ ಮಾತು ಎಲ್ಲಿಯೂ ಇರಲಿಲ್ಲ.

ನಾನು ಆ ದಿನ ಅನ್ನ ಮುಟ್ಟಲಿಲ್ಲ. ನನ್ನ ಕೈಯಿಂದಲೇ ನಲವತ್ತು ಜನರನ್ನು ಚುಚ್ಚಿದ್ದೆ.

"ನಾವು ರಕ್ತ ವಾಪಸ್ ಕೇಳುವ," ಎಂದರು ಸುರಕ್ಷಾ. "ಕೊಡದಿದ್ದರೆ ನಾಶ ಮಾಡಲಿ. ಹೇಳಿದ್ದೊಂದು, ಮಾಡಿದ್ದೊಂದು. ಓದಲಿಕ್ಕೆ ಬಾರದವರ ಹೆಬ್ಬೆಟ್ಟು ತೆಗೊಂಡಿದ್ದಾರೆ. ಪಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು?"

ಅಜ್ಜಿಯನ್ನು ತೋರಿಸಿದರು. ಸುರಕ್ಷಾ ಅವಳ ಮುಂದೆ ನೆಲದಲ್ಲೇ ಕುಳಿತರು. "ಅಜ್ಜಿ, ನಿಮ್ಮ ರಕ್ತ ತೆಗೆಯುವಾಗ ನಿಮಗೆ ಎಂತ ಹೇಳಿದ್ರು?"

"ನಾನು ಕೊಡಲಿಲ್ಲ," ಎಂದಳು ಅಜ್ಜಿ.

"ಇಲ್ಲಿ ನಿಮ್ಮ ಹೆಸರು ಉಂಟಲ್ಲ. ಹೆಬ್ಬೆಟ್ಟೂ ಉಂಟಂತೆ."

"ನಾನು ಕೊಡಲಿಲ್ಲ."

ಸುರಕ್ಷಾ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. "ನೋಡಿ ಲೋಲಾಕ್ಷಿ. ತೆಗೆದದ್ದೇ ಇವರಿಗೆ ಗೊತ್ತಿಲ್ಲ." ಪುಸ್ತಕ ತೆರೆದು ಬರೆದುಕೊಂಡರು. ಆಮೇಲೆ ಸಂಶೋಧನಾ ಕೇಂದ್ರಕ್ಕೆ ಕೊಟ್ಟ ಅರ್ಜಿಯಲ್ಲಿ ಅದೇ ಮೊದಲ ಸಾಲಾಯಿತು. ಅನಕ್ಷರಸ್ಥೆ ವೃದ್ಧೆ ತುಕ್ರು, ಏನೂ ಅರ್ಥವಾಗದೆ ರಕ್ತ ಕೊಟ್ಟವಳು.

ಅಜ್ಜಿ ನನ್ನ ಮುಖ ನೋಡಿದಳು. ಇಡೀ ಕಾಲೊನಿಯಲ್ಲಿ ಎಲ್ಲ ಅರ್ಥವಾಗಿ, ಬೇಡ ಎಂದವಳು ಅವಳೊಬ್ಬಳು. ಹೇಳಬೇಕೆಂದು ನನ್ನ ಬಾಯಿ ತೆರೆಯಿತು. ಹೇಳಿದರೆ ನನ್ನ ಮೇಲೆ ಕೇಸು ಬೀಳುತ್ತದೆ, ನನ್ನ ಸರ್ಟಿಫಿಕೇಟು ಹೋಗುತ್ತದೆ, ಕಾಲೊನಿಯವರು ನನ್ನ ಮುಖಕ್ಕೆ ಉಗುಳುತ್ತಾರೆ. ನಾನು ಸುರಕ್ಷಾರಿಗೆ ನೀರು ತರಲು ಒಳಗೆ ಹೋದೆ.

ಅಜ್ಜಿ ಈ ವರ್ಷ ಮಾರ್ಚ್‌ನಲ್ಲಿ ಸತ್ತಳು. ಬೆಳಿಗ್ಗೆ ಗಂಜಿ ಉಂಡು ಗೋಡೆಗೆ ಒರಗಿದವಳು ಹಾಗೆಯೇ ಹೋಗಿದ್ದಳು. ಕೊನೆಯವರೆಗೂ ಅವಳು ನನ್ನನ್ನು ಏನೂ ಕೇಳಲಿಲ್ಲ.

ಮಣ್ಣು ಮಾಡಿ ಐದನೆಯ ದಿನ ಸಂಶೋಧನಾ ಕೇಂದ್ರದಿಂದ ಕರೆ ಬಂತು. ಅರ್ಜಿದಾರರ ಕಡೆಯವರು ಬಂದು ಸ್ಯಾಂಪಲ್ ಇಟ್ಟ ಜಾಗ ನೋಡಬಹುದು ಎಂದರು. ಸುರಕ್ಷಾರ ಜೊತೆ ಮೂಡುಬಿದಿರೆಗೆ ಹೋದೆ. ಉದ್ದದ ಕೋಣೆ, ಕಿಟಕಿಯಿಲ್ಲ. ಕಬ್ಬಿಣದ ಕಪಾಟಿನಂಥ ಫ್ರೀಜರುಗಳು ಸಾಲಾಗಿ ನಿಂತು ಗುಂಯ್ ಎನ್ನುತ್ತಿದ್ದವು. ದೀಪಶ್ರೀ ಸೊರಗಿದ್ದರು. ಕಾಗದದ ಕಟ್ಟು ತೆಗೆದು ಮೊದಲು ಅಜ್ಜಿಯ ಒಪ್ಪಿಗೆ ಪತ್ರ ತೋರಿಸಿದರು.

ಹೆಬ್ಬೆಟ್ಟಿನ ಗುರುತು ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅರುವತ್ತು ವರ್ಷ ಬಳ್ಳಿ ಸೀಳಿದ ಅಜ್ಜಿಯ ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಯಂತ್ರ ಅದನ್ನು ಒಂದು ಸಲವೂ ಒಪ್ಪಿದ್ದಿಲ್ಲ. ಸುರಕ್ಷಾ ಮೊಬೈಲಿನಲ್ಲಿ ಅದರ ಫೋಟೊ ತೆಗೆದರು. ನಾನು ಕೈಯನ್ನು ಚೂಡಿದಾರದ ಶಾಲಿನೊಳಗೆ ಮುಚ್ಚಿಕೊಂಡೆ.

"ಐದು ಜನ ಹಿರಿಯರದ್ದು ಬೇರೆ ರೀತಿ ಇಟ್ಟಿದ್ದೇವೆ," ಎಂದರು ದೀಪಶ್ರೀ. "ಅದು ಬರೀ ರಕ್ತ ಅಲ್ಲ. ಅದರೊಳಗಿನ ಜೀವಕೋಶಗಳು. ಬೆಚ್ಚಗೆ ಮಾಡಿ ಆಹಾರ ಕೊಟ್ಟರೆ ಬೆಳೀತಾನೇ ಇರ್ತವೆ. ನಿಮ್ಮ ಅರ್ಜಿಯ ವಿಚಾರಣೆ ಮಾಡುವ ಕಮಿಟಿಗೆ ತೋರಿಸಲಿಕ್ಕೆ ಅಂತ ನಿಮ್ಮ ಅಜ್ಜಿಯದನ್ನು ಹೊರಗೆ ತೆಗೆದಿದ್ದೆ. ನೋಡ್ತೀರಾ?"

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ತಿಳಿ ಕೆಂಪು ನೀರಿನಲ್ಲಿ ಗುಂಡು ಗುಂಡಗಿನವು ಗೊಂಚಲಾಗಿ ಕುಳಿತಿದ್ದವು. ಕೆಲವು ನಡುವೆ ಸಪೂರವಾಗಿ ಎರಡಾಗುತ್ತಿದ್ದವು. ಪಕ್ಕದಲ್ಲಿಟ್ಟಿದ್ದ ಹಳೆಯ ಟ್ಯೂಬಿನ ಚೀಟಿಯಲ್ಲಿ ನನ್ನ ಅಕ್ಷರದಲ್ಲೇ ತುಕ್ರು ಎಂದಿತ್ತು. ನನ್ನ ಎಡ ಮೊಣಕೈಯ ಒಳಗೆ, ಸೂಜಿ ಹಾಕಿದ್ದ ಜಾಗದಲ್ಲಿ, ಮಂಜುಗಡ್ಡೆ ಮುಟ್ಟಿಸಿದಷ್ಟು ತಣ್ಣಗಾಯಿತು.

ದೀಪಶ್ರೀ ನನ್ನ ಬೆನ್ನು ಸವರಿದರು. "ಅಜ್ಜಿ ಹೋದರು ಅಂತ ಬೇಜಾರು ಮಾಡಬೇಡಿ. ಒಂದು ಲೆಕ್ಕದಲ್ಲಿ ಅವರು ಇಲ್ಲಿ ಇದ್ದಾರೆ." ಸಮಾಧಾನಕ್ಕೆಂದೇ ಹೇಳಿದ ಮಾತು. ನಾನು ಹೊರಗೆ ಓಡಿಹೋಗಿ ಚರಂಡಿಯ ಬಳಿ ವಾಂತಿ ಮಾಡಿದೆ.

ಹದಿನಾರನೆಯ ದಿನ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮ ನಮ್ಮಲ್ಲಿ ಉಂಟು. ಅಲ್ಲಿಯವರೆಗೆ ಅವರು ಹೊರಗೇ ಅಲೆಯುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಕರೆಯುವುದು ನಡುಮಧ್ಯಾಹ್ನ, ನೆರಳು ಕಾಲಡಿಗೆ ಬಂದಾಗ. ಒಳಗೆ ಎಲೆಯಲ್ಲಿ ಅನ್ನ, ಮೀನು ಬಡಿಸಿ, ಹೊಸ್ತಿಲಿನ ಒಳಬದಿಗೆ ಬೂದಿ ಹರಡಿ ಬಾಗಿಲು ಎಳೆಯುತ್ತೇವೆ. ಮನೆಯವರೆಲ್ಲ ಅಂಗಳದಲ್ಲಿ ನಿಲ್ಲುತ್ತೇವೆ. ಹಿರಿಯ ಗಂಡಸು ಮೂರು ಸಲ ಹೆಸರು ಹಿಡಿದು ಕರೆಯುತ್ತಾನೆ. ಆಗ ಯಾರೂ ತುಟಿ ಬಿಚ್ಚಬಾರದು. ಆಮೇಲೆ ಬಾಗಿಲು ತೆಗೆದರೆ ಬೂದಿಯಲ್ಲಿ ಹೆಜ್ಜೆಯ ಗುರುತು ಇರಬೇಕು. ನನ್ನ ಅಮ್ಮನದ್ದು ಇತ್ತು. ನಾನೇ ನೋಡಿದ್ದೆ. ಗಾಳಿಗೆ ಬೂದಿ ಸರಿದದ್ದು ಎಂದು ಕೋರ್ಸಿನ ಗೆಳತಿಯರ ಹತ್ತಿರ ಹೇಳಿದ್ದೂ ನಾನೇ.

ಕರೆದವನು ಶೇಷಪ್ಪ ಮಾವ, ಅಜ್ಜಿಯ ಮಗ. ಡೋಲು ಬಾರಿಸುವವನು, ಮಾತು ಕಡಿಮೆ.

"ತುಕ್ರು, ಮನೆಗೆ ಬಾ."

ಬಿಸಿಲು ಅಲ್ಲಾಡದೆ ನಿಂತಿತ್ತು. ಕೋಳಿಗಳೂ ಸುಮ್ಮನಿದ್ದವು.

"ತುಕ್ರು, ಮನೆಗೆ ಬಾ."

ಮೊಣಕೈಯ ಒಳಗೆ ಮತ್ತೆ ತಣ್ಣಗಾಗತೊಡಗಿತು. ಅದು ತೋಳಿಗೆ ಏರಿತು, ಕುತ್ತಿಗೆಗೆ ಬಂತು.

"ತುಕ್ರು, ಮನೆಗೆ ಬಾ."

"ಓ," ಎಂದೆ ನಾನು.

ಹೇಳಬೇಕೆಂದು ಹೇಳಿದ್ದಲ್ಲ. ಅಂಗನವಾಡಿಯ ಹಾಜರಿಗೆ ಮಕ್ಕಳು ಓಗೊಡುವಷ್ಟು ಸಲೀಸಾಗಿ ಬಾಯಿಂದ ಬಂತು. ನನ್ನ ಕಾಲು ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟೂ ಆಗಿತ್ತು. ತಂಗಿ ನನ್ನ ರಟ್ಟೆ ಹಿಡಿದು ಎಳೆದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಶೇಷಪ್ಪ ಮಾವ ಬಾಗಿಲು ತೆಗೆದ. ಬೂದಿ ಹರಡಿದ್ದು ಹರಡಿದ ಹಾಗೆಯೇ ಇತ್ತು. ಅನ್ನದ ಮೇಲೆ ಒಂದು ನೊಣವೂ ಕುಳಿತಿರಲಿಲ್ಲ.

ಎಲ್ಲರೂ ಹೋದ ಮೇಲೆ ಮಾವನ ಕಾಲ ಬುಡದಲ್ಲಿ ಕುಳಿತು ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ನನಗೂ ಹಗುರಾಗುತ್ತಿತ್ತು. ಅವನು ಬೀಡಿ ಹಚ್ಚಿ, ಸೇದದೆ ಕೈಯಲ್ಲೇ ಹಿಡಿದುಕೊಂಡ.

"ಅಮ್ಮ ಹೊರಗೆ ನಿಂತಿದ್ದಾಳೆ," ಎಂದ. "ಅವಳ ಹೆಸರು ಕರೆದರೆ ನೀನು ಓ ಅಂತೀ. ಅವಳು ಬರುವುದು ಹೇಗೆ?"

"ಎಂತ ಮಾಡಲಿ ಮಾವ?"

"ನನಗೆ ಗೊತ್ತಿಲ್ಲ. ಬರೆದದ್ದು ನೀನು. ಅಳಿಸುವುದು ನಿನಗೇ ಗೊತ್ತಿರಬೇಕು."

ಅಲ್ಲಿಂದ ಪ್ರತಿ ಮಧ್ಯಾಹ್ನ ಅಂಗಳದ ಅಂಚಿನಿಂದ ಬಳ್ಳಿ ಸೀಳುವ ಸದ್ದು ಬರತೊಡಗಿತು. ಉದ್ದಕ್ಕೆ ಒಂದು ಎಳೆತ, ಆಮೇಲೆ ತಡೆದು ಇನ್ನೊಂದು. ಹೊರಗೆ ಹೋಗಿ ನೋಡಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಸದ್ದು ಮಾತ್ರ ಮುಂದುವರಿಯುತ್ತಿತ್ತು. ತಂಗಿಗೂ ಕೇಳುತ್ತಿತ್ತು. ನೆರೆಮನೆಯವರು ಆ ಜಾಗ ಬಿಟ್ಟು ಸುತ್ತುಹಾಕಿ ನಡೆಯಲು ಶುರುಮಾಡಿದರು. ಒಂದು ದಿನ ಧೈರ್ಯ ಮಾಡಿ ಅಲ್ಲಿಯೇ ಹತ್ತಿರ ಕುಳಿತು, "ತುಕ್ರಜ್ಜಿ," ಎಂದೆ. ಸದ್ದು ನಿಲ್ಲಲಿಲ್ಲ, ಬದಲಾಗಲೂ ಇಲ್ಲ. ಅವಳಿಗೆ ತನ್ನ ಹೆಸರು ಕೇಳುವುದೇ ಇಲ್ಲ ಎಂದು ಆಗ ನನಗೆ ಗೊತ್ತಾಯಿತು. ನನಗೆ ಅಳು ತಡೆಯಲಾಗಲಿಲ್ಲ.

ವಿಚಾರಣೆ ಏಪ್ರಿಲ್ ಕೊನೆಗೆ ಬೆಳ್ತಂಗಡಿಯ ಒಂದು ಸಭಾಭವನದಲ್ಲಿ ನಡೆಯಿತು. ಸಂಶೋಧನಾ ಕೇಂದ್ರದ ಮೂರು ಜನರ ಕಮಿಟಿ, ಈ ಬದಿಗೆ ದೀಪಶ್ರೀ, ಆ ಬದಿಗೆ ಸುರಕ್ಷಾ. ಹಿಂದಿನ ಕುರ್ಚಿಗಳಲ್ಲಿ ನಮ್ಮ ಕಾಲೊನಿಯವರು. ಸುರಕ್ಷಾ ಎದ್ದು, ಅಜ್ಜಿಯ ಹೆಬ್ಬೆಟ್ಟಿನ ದೊಡ್ಡ ಫೋಟೊ ಎತ್ತಿ ಹಿಡಿದರು. "ಈ ತಾಯಿ ಈಗ ಇಲ್ಲ. ತಮ್ಮಿಂದ ಏನು ತೆಗೆದರು ಅಂತ ಗೊತ್ತಿಲ್ಲದೆಯೇ ತೀರಿಹೋದರು," ಎಂದರು. ಹಿಂದೆ ಯಾರೋ ಬಿಕ್ಕಿದರು.

ನಾನು ಎದ್ದು ನಿಂತೆ.

"ಅದು ಅಜ್ಜಿಯ ಹೆಬ್ಬೆಟ್ಟು ಅಲ್ಲ," ಎಂದೆ. "ನನ್ನದು. ರಕ್ತವೂ ನನ್ನದು. ಅಜ್ಜಿಗೆ ಎಲ್ಲ ಗೊತ್ತಿತ್ತು. ಎಲ್ಲಿ ಇಡ್ತಾರೆ, ಎಷ್ಟು ದಿನ ಇಡ್ತಾರೆ ಅಂತ ಕೇಳಿದವಳು ಅವಳೊಬ್ಬಳೇ. ಕೇಳಿ, ಕೊಡುವುದಿಲ್ಲ ಅಂತ ಹೇಳಿದಳು. ವಕೀಲರ ಹತ್ತಿರವೂ ಅದನ್ನೇ ಹೇಳಿದಳು. ನಾನು ಎದುರಿಗೇ ಇದ್ದು ಬಾಯಿ ಮುಚ್ಚಿಕೊಂಡೆ."

ಸುರಕ್ಷಾ ಫೋಟೊವನ್ನು ಮೆಲ್ಲನೆ ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ. ದೀಪಶ್ರೀ ಮುಖ ಮುಚ್ಚಿಕೊಂಡು ಕುಳಿತರು. ಅವರ ಲೇಖನದ ಐದು ಹಿರಿಯರಲ್ಲಿ ಒಬ್ಬಳು ಮೂವತ್ತರ ಪ್ರಾಯದ ಹೆಂಗಸು ಎಂದು ಅವರಿಗೂ ಆಗಲೇ ಗೊತ್ತಾದದ್ದು.

ಕಮಿಟಿಯ ಹಿರಿಯರು ಕನ್ನಡಕ ತೆಗೆದು ಒರೆಸಿದರು. "ನೀವು ತೆಗೆದ ಉಳಿದ ನಲವತ್ತು ಜನರದ್ದು?"

"ಅವರು ಕೊಟ್ಟದ್ದೇ ಹೌದು. ಆದರೆ ಕೊಟ್ಟದ್ದು ಮಕ್ಕಳಿಗಾಗಿ. ಎಲ್ಲಿಂದ ಬಂದವರು ಅಂತ ಹುಡುಕಲಿಕ್ಕೆ ಅಲ್ಲ."

"ನಿಮ್ಮ ಮಾತನ್ನು ಈಗ ನಂಬುವುದು ಹೇಗಮ್ಮ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ನನ್ನ ರಕ್ತವನ್ನು ನಾನು ವಾಪಸ್ ಕೇಳಬಹುದು, ಬದುಕಿರುವವರಿಗೆ ಆ ಹಕ್ಕು ಉಂಟು ಎಂದರು. ಕಾಗದ ಕೊಟ್ಟರು, ನನ್ನ ಹೆಸರಿನಲ್ಲೇ ಸಹಿ ಮಾಡಿದೆ. ಹದಿನೈದು ದಿನದ ಮೇಲೆ ಪತ್ರ ಬಂತು. ತುಕ್ರು ಎಂಬ ಹೆಸರಿನಲ್ಲಿದ್ದದ್ದನ್ನೆಲ್ಲ ಸುಟ್ಟಿದ್ದಾರೆ, ಹೊರದೇಶದ ಲ್ಯಾಬ್‌ಗಳೂ ಸುಟ್ಟಿರುವುದಾಗಿ ತಿಳಿಸಿವೆ. ಉಳಿದ ನಲವತ್ತನ್ನು ಯಾರೂ ಮುಟ್ಟದಂತೆ ಬದಿಗಿಟ್ಟಿದ್ದಾರೆ, ಒಬ್ಬೊಬ್ಬರನ್ನೇ ಮತ್ತೆ ಕೇಳುತ್ತಾರೆ. ನನ್ನ ಮೇಲೆ ದೂರು ದಾಖಲಾಗಿದೆ, ಅದು ಇನ್ನೂ ನಡೆಯುತ್ತಿದೆ. ಸುರಕ್ಷಾ ಅರ್ಜಿಯನ್ನು ಹೊಸದಾಗಿ ಬರೆಯುತ್ತಿದ್ದಾರಂತೆ. ಫೋನ್ ಮಾಡಿದರೆ ತೆಗೆಯುವುದಿಲ್ಲ. ಕಾಲೊನಿಯಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ, ಅದು ಅವರ ಹಕ್ಕು.

ಪತ್ರ ಬಂದ ಮರುದಿನ ಶೇಷಪ್ಪ ಮಾವ ಬಂದ. "ಇನ್ನೊಮ್ಮೆ ಕರೆಯುವ," ಎಂದ. "ಈ ಸಲ ನೀನೇ ಕರಿ."

"ಹೆಂಗಸರು ಕರೆಯುವ ಕ್ರಮ ಉಂಟಾ?"

"ಹೆಸರು ತೆಗೆದವಳು ನೀನು. ಕೊಡುವುದೂ ನೀನೇ."

ಅನ್ನ ಬಡಿಸಿದೆವು. ಬೂದಿ ಹರಡಿದೆವು. ಬಾಗಿಲು ಎಳೆದು ಅಂಗಳದಲ್ಲಿ ನಿಂತೆವು. ಮಾವ, ತಂಗಿ, ನಾನು, ಮೂವರೇ. ಅಂಗಳದ ಅಂಚಿನಲ್ಲಿ ಬಳ್ಳಿ ಸೀಳುವ ಸದ್ದು ಶುರುವಾಗಿತ್ತು.

"ತುಕ್ರು, ಮನೆಗೆ ಬಾ," ಎಂದೆ.

ಸದ್ದು ನಿಂತಿತು.

ನನ್ನ ಕೈ ಬೆಚ್ಚಗೇ ಇತ್ತು. ನನ್ನೊಳಗೆ ಯಾವುದೂ ಓಗೊಡಲಿಲ್ಲ. ಅವಳಿಗೆ ಕೇಳಿದೆ, ಅವಳ ಹೆಸರು ಅವಳಿಗೆ ಸಿಕ್ಕಿದೆ ಎಂದು ಎದೆ ಒಡೆಯುವಷ್ಟು ಖುಷಿಯಾಯಿತು. ತಂಗಿ ನನ್ನ ಸೊಂಟ ಹಿಡಿದುಕೊಂಡಳು.

"ತುಕ್ರು, ಮನೆಗೆ ಬಾ."

ಒಣ ಎಲೆಯ ಮೇಲೆ ಯಾರೋ ಎದ್ದು ನಿಂತ ಸದ್ದು. ನಮ್ಮ ಕಡೆಗೆ ನಾಲ್ಕು ಹೆಜ್ಜೆ. ಹೆಜ್ಜೆ ನನ್ನ ಮುಂದೆಯೇ ನಿಂತಿತು, ಕೈ ಚಾಚಿದರೆ ತಾಗುವಷ್ಟು ಹತ್ತಿರ. ಹಸಿ ಬಳ್ಳಿಯ ವಾಸನೆ ಬಂತು.

"ತುಕ್ರಜ್ಜಿ," ಎಂದೆ ಮೂರನೆಯ ಸಲ. "ಎಲ್ಲರ ಎದುರು ಹೇಳಿದ್ದೇನೆ. ತಪ್ಪಾಯಿತು. ಮನೆಗೆ ಬಾ ಅಜ್ಜಿ."

"ಬರುವುದಿಲ್ಲ."

ಅಜ್ಜಿಯದೇ ದನಿ. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಪೇಟೆಗೆ ಹೋಗುವ ಬಾ ಎಂದು ಕರೆದಾಗ ಹೇಳುತ್ತಿದ್ದಷ್ಟೇ ಸಹಜವಾಗಿ ಹೇಳಿದಳು. ಆಮೇಲೆ ಹೆಜ್ಜೆಗಳು ತಿರುಗಿ ಗುಡ್ಡದ ಕಡೆಗೆ ಹೋದವು. ಕಾಡಿನ ಅಂಚಿನವರೆಗೂ ಎಲೆಗಳ ಸದ್ದು ಕೇಳುತ್ತಲೇ ಇತ್ತು.

ನಾನು ಹಿಂದೆ ಓಡಲು ಹೊರಟೆ. ಅವಳಿಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಕರೆಯುವ, ನಾಳೆ ಕರೆಯುವ, ಮನೆ ಅವಳದೇ ಅಲ್ಲವಾ, ಹೊರಗೆ ಹೇಗೆ ಬಿಡುವುದು ಎಂದು ಏನೇನೋ ಬಡಬಡಿಸಿದೆ. ಶೇಷಪ್ಪ ಮಾವ ಅಡ್ಡ ಬಂದು ನನ್ನ ಎರಡೂ ಭುಜ ಹಿಡಿದು ನಿಲ್ಲಿಸಿದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಕೇಳಿತಲ್ಲ ಲೋಲಾಕ್ಷಿ?" ಎಂದ. "ಈ ಸಲ ಅವಳು ಹೇಳಿದ್ದನ್ನೇ ಬರಿ."